ಫೆಬ್ರವರಿಯ ಸಂಬಳ

2024ರ ಫೆಬ್ರವರಿ ಕೊನೆಯ ದಿನ. ಸ್ಟಾಫ್ ರೂಮಿನಲ್ಲಿ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ತಿದ್ದುತ್ತಿದ್ದಾಗ ಸಂಬಳ ಜಮೆಯಾದ ಸಂದೇಶ ಬಂತು. ತಿಂಗಳಿಗೆ 65 ಸಾವಿರದ ಆಸುಪಾಸು ಕೈಗೆ ಬರುತ್ತಿದ್ದ ಸಂಬಳ ಈ ಸಲ 41 ಸಾವಿರಕ್ಕೂ ಕಡಿಮೆ. ಬ್ಯಾಂಕಿನವರು ತಪ್ಪು ಮಾಡಿದ್ದಾರೆ ಎಂದೇ ಮೊದಲು ಅಂದುಕೊಂಡೆ. ಪೇ ಸ್ಲಿಪ್ ತೆಗೆದು ನೋಡಿದೆ. ಆದಾಯ ತೆರಿಗೆಯ ಮುಂದೆ 26,360 ರೂಪಾಯಿ ಎಂದಿತ್ತು. ಹಿಂದಿನ ಹನ್ನೊಂದು ತಿಂಗಳು ಅದೇ ಜಾಗದಲ್ಲಿ ಇದ್ದದ್ದು 2,000.

ಹಾಸನ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಸಮಾಜ ವಿಜ್ಞಾನದ ಶಿಕ್ಷಕಿ. ಇಪ್ಪತ್ತು ವರ್ಷ ನೌಕರಿ ಮಾಡಿದರೂ ತೆರಿಗೆಯ ಲೆಕ್ಕವನ್ನು ಒಮ್ಮೆಯೂ ನಾನೇ ಕೂತು ಮಾಡಿರಲಿಲ್ಲ. ಕಚೇರಿಯವರು ಹಿಡಿಯುತ್ತಾರೆ, ಜುಲೈನಲ್ಲಿ ಆಡಿಟರ್ ಹತ್ತಿರ ವರ್ಷದ ಸಂಬಳ ಮತ್ತು ಹಿಡಿದ ತೆರಿಗೆಯ ಪ್ರಮಾಣಪತ್ರವಾದ ಫಾರಂ 16 ಕೊಟ್ಟರೆ ರಿಟರ್ನ್ ತುಂಬುತ್ತಾರೆ, ಅಲ್ಲಿಗೆ ಮುಗಿಯಿತು. ಅಂದು ಮಾತ್ರ ಪತ್ರಿಕೆಗಳ ಕಟ್ಟನ್ನು ಹಾಗೇ ಬಿಟ್ಟು ಎದ್ದು ಕಚೇರಿಯ ಕೋಣೆಗೆ ಹೋದೆ.

ನಮ್ಮ ಪ್ರಥಮ ದರ್ಜೆ ಸಹಾಯಕರು ಶಾಂತ ಸ್ವಭಾವದವರು. ಕಡತ ತೆಗೆದು ನವೆಂಬರ್ ತಿಂಗಳ ಸುತ್ತೋಲೆಯನ್ನು ನನ್ನ ಮುಂದಿಟ್ಟರು. “ತೆರಿಗೆಗೆ ಹಳೆಯ ಪದ್ಧತಿಯೋ ಹೊಸದೋ ಎಂದು ಬರೆದುಕೊಡಿ ಎಂದು ಕೇಳಿದ್ದೆವಲ್ಲ ಮೇಡಂ. ನೀವು ಸಹಿ ಮಾಡಿದ್ದೀರಿ, ಆದರೆ ಏನೂ ಬರೆದುಕೊಟ್ಟಿಲ್ಲ. ಬರೆದುಕೊಡದವರಿಗೆಲ್ಲ ಹೊಸ ಪದ್ಧತಿಯಲ್ಲೇ ಲೆಕ್ಕ ಹಾಕಬೇಕು.”

“ನನ್ನ ಮನೆ ಸಾಲದ ಬಡ್ಡಿ, ಕೆಜಿಐಡಿ ವಿಮೆ, ಜಿಪಿಎಫ್ ಭವಿಷ್ಯನಿಧಿ ಏನನ್ನೂ ಕಳೆಯಲಿಲ್ಲವೇ ಸರ್?”

“ಹೊಸ ಪದ್ಧತಿಯಲ್ಲಿ ಅವು ಬರುವುದಿಲ್ಲ ಮೇಡಂ. ಬಿಲ್ ಖಜಾನೆಗೆ ಹೋಗಿ ಆಯಿತು. ಇನ್ನೇನಿದ್ದರೂ ರಿಟರ್ನ್‌ನಲ್ಲೇ ಕೇಳಿ.”

ಅವರು ಹೇಳಿದ್ದು ಸರಿಯಾಗಿಯೇ ಇತ್ತು. 2023–24ರಿಂದ, ದರ ಕಡಿಮೆಯಿದ್ದರೂ ಇಂಥ ಕಳೆಯುವಿಕೆಗಳಿಲ್ಲದ ಹೊಸ ತೆರಿಗೆ ಪದ್ಧತಿಯೇ ಸಹಜ ಆಯ್ಕೆ ಎಂದು ಕಾನೂನಾಗಿದೆ. ನೌಕರ ತನ್ನ ಆಯ್ಕೆ ತಿಳಿಸದಿದ್ದರೆ ಹೊಸ ಪದ್ಧತಿಯಂತೆಯೇ ತೆರಿಗೆ ಕಡಿತ ಮಾಡಬೇಕು ಎಂದು ಕೇಂದ್ರ ನೇರ ತೆರಿಗೆ ಮಂಡಳಿ 2023ರ ಏಪ್ರಿಲ್ 5ರಂದೇ ಸುತ್ತೋಲೆ ಹೊರಡಿಸಿತ್ತು. ಓದದೆ ಸಹಿ ಮಾಡಿದವಳು ನಾನು. ಇದನ್ನು ಬರೆಯುವಾಗಲೂ ಆ ಸಹಿ ಕಣ್ಣ ಮುಂದೆ ಬರುತ್ತದೆ.

ಆ ಭಾನುವಾರ ಮಗಳ ಹಳೆಯ ನೋಟ್‌ಬುಕ್ ತೆಗೆದುಕೊಂಡು ಅಡುಗೆಮನೆಯ ಮೇಜಿನ ಮುಂದೆ ಕುಳಿತೆ. ಹಾಳೆಯ ಮಧ್ಯೆ ಗೆರೆ ಎಳೆದು ಎಡಕ್ಕೆ ಹೊಸ ಪದ್ಧತಿ, ಬಲಕ್ಕೆ ಹಳೆಯದು ಎಂದು ಬರೆದೆ. ವರ್ಷದ ಒಟ್ಟು ಸಂಬಳ 9,60,000. ಎಡಗಡೆ ಕಳೆಯಲು ಇದ್ದದ್ದು ಸಂಬಳದಾರರಿಗೆಲ್ಲ ಸಿಗುವ 50,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಒಂದೇ. ಉಳಿದ 9,10,000ಕ್ಕೆ ತೆರಿಗೆ 46,500, ಶೇ 4ರ ಸೆಸ್ ಸೇರಿ 48,360. ಕಚೇರಿ ಹಿಡಿದದ್ದೂ ಪೈಸೆ ತಪ್ಪದೆ ಅಷ್ಟೇ.

ಬಲಗಡೆ ಬರೆಯುತ್ತ ಹೋದಂತೆ ಹೊಟ್ಟೆ ಉರಿಯಿತು. ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ವೃತ್ತಿ ತೆರಿಗೆ 2,400, ಮನೆ ಸಾಲದ ಬಡ್ಡಿ 1,82,000. ಜಿಪಿಎಫ್, ಕೆಜಿಐಡಿ ಕಂತು, ಸಾಲದ ಅಸಲು ಸೇರಿದರೆ ಇಂಥ ಉಳಿತಾಯಗಳಿಗೆ 80ಸಿ ಕಲಮಿನ ಅಡಿ ಸಿಗುವ ಒಂದೂವರೆ ಲಕ್ಷದ ಮಿತಿ ತಾನೇ ತುಂಬುತ್ತಿತ್ತು. ಜೊತೆಗೆ ಅಮ್ಮನ ಆಸ್ಪತ್ರೆ ಖರ್ಚು 41,000. ಅಮ್ಮನಿಗೆ 72 ವರ್ಷ, ಆರೋಗ್ಯ ವಿಮೆ ಇಲ್ಲ. ವಿಮೆಯಿಲ್ಲದ ಹಿರಿಯ ನಾಗರಿಕರಿಗೆ ನಾವು ಮಾಡುವ ವೈದ್ಯಕೀಯ ವೆಚ್ಚವನ್ನು, ನಗದಾಗಿ ಕೊಡದೆ ಬ್ಯಾಂಕ್ ಮೂಲಕ ಕೊಟ್ಟಿದ್ದರೆ, 50,000 ರೂಪಾಯಿಯವರೆಗೆ 80ಡಿ ಕಲಮಿನ ಅಡಿ ಕಳೆಯಬಹುದಿತ್ತು. ಇದು ಗೊತ್ತಿರುವವರು ಬಹಳ ಕಡಿಮೆ. ಎಲ್ಲ ಕಳೆದ ಮೇಲೆ ತೆರಿಗೆಗೆ ಒಳಪಡುವ ಆದಾಯ 5,34,600, ತೆರಿಗೆ ಸೆಸ್ ಸೇರಿ 20,200. ನನ್ನಿಂದ 28,160 ರೂಪಾಯಿ ಹೆಚ್ಚಿಗೆ ಹೋಗಿತ್ತು.

ಆ 28 ಸಾವಿರ ನಮ್ಮ ಮನೆಗೆ ಸಣ್ಣ ಮೊತ್ತವಲ್ಲ. ಅಮ್ಮನ ಎಡಗಣ್ಣಿಗೆ ಜನವರಿಯಲ್ಲಿ ಪೊರೆಯ ಶಸ್ತ್ರಚಿಕಿತ್ಸೆ ಆಗಿತ್ತು, ಬಲಗಣ್ಣಿಗೆ ಬೇಸಿಗೆ ರಜೆಯಲ್ಲಿ ಎಂದು ಡಾಕ್ಟರು ದಿನ ಕೊಟ್ಟಿದ್ದರು. ಮನೆ ಸಾಲದ ಕಂತು 24,000 ಹೋದ ಮೇಲೆ ಆ ತಿಂಗಳು ಉಳಿದದ್ದು 16 ಸಾವಿರ ಚಿಲ್ಲರೆ. “ಒಂದು ಕಣ್ಣು ಚೆನ್ನಾಗಿ ಕಾಣುತ್ತಿದೆಯಲ್ಲ, ಇನ್ನೊಂದಕ್ಕೆ ಅವಸರವಿಲ್ಲ ಬಿಡು” ಎಂದರು ಅಮ್ಮ. ಅಮ್ಮ ಹಾಗೆ ಅಂದ ಮೇಲೆ ಸುಮ್ಮನೆ ಕೂರಲು ನನಗೆ ಆಗಲಿಲ್ಲ. ನೌಕರರ ಪತ್ತಿನ ಸಹಕಾರ ಸಂಘದಲ್ಲಿ ಶೇ 12ರ ಬಡ್ಡಿಗೆ 30,000 ಸಾಲ ತೆಗೆದು ಮೇ ತಿಂಗಳಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿದೆ. ಹೆಚ್ಚಿಗೆ ಕಟ್ಟಿದ ತೆರಿಗೆಗೆ ಇಲಾಖೆ ಕೊಡುವ ಬಡ್ಡಿ ತಿಂಗಳಿಗೆ ಶೇ ಅರ್ಧ, ಅಂದರೆ ವರ್ಷಕ್ಕೆ ಶೇ 6. ನನ್ನದೇ ಹಣ ಶೇ 6ಕ್ಕೆ ಅಲ್ಲಿ ಕೂತಿತ್ತು. ಅದೇ ಹಣವಿಲ್ಲದ ಕಾರಣಕ್ಕೆ ನಾನು ಇಲ್ಲಿ ಶೇ 12 ಕಟ್ಟುತ್ತಿದ್ದೆ.

ನಮ್ಮ ಸ್ಟಾಫ್ ರೂಮಿನಲ್ಲಿ ರೀಫಂಡ್ ಬಂದವರು ಸಿಹಿ ಹಂಚುವುದುಂಟು. ನಾನೂ ತಿಂದಿದ್ದೇನೆ. ಈ ಲೆಕ್ಕ ಹಾಕಿದ ದಿನದಿಂದ ಆ ಪೇಡ ನನಗೆ ಬೇರೆಯೇ ರುಚಿ.

ರಿಟರ್ನ್‌ನಲ್ಲಿ ಹಳೆಯ ಪದ್ಧತಿ ಆರಿಸಿಕೊಂಡರೆ ಹಣ ವಾಪಸ್ ಬರುತ್ತದೆ ಎಂಬುದು ಖಚಿತವಾಗಿತ್ತು. ಕಚೇರಿಗೆ ತಿಳಿಸಿದ್ದೋ ತಿಳಿಸದಿದ್ದದ್ದೋ ಅಲ್ಲಿ ಲೆಕ್ಕಕ್ಕಿಲ್ಲ. ಸಂಬಳದಾರರು ರಿಟರ್ನ್ ತುಂಬುವಾಗ ಹೊಸದಾಗಿ ಆಯ್ಕೆ ಮಾಡಬಹುದು. ಆದರೆ ಒಂದು ಷರತ್ತಿದೆ. ಕೊನೆಯ ದಿನಾಂಕದ ಒಳಗೆ, ಆ ವರ್ಷ 2024ರ ಜುಲೈ 31ರೊಳಗೆ, ರಿಟರ್ನ್ ಸಲ್ಲಿಸಿರಬೇಕು. ಒಂದು ದಿನ ತಡವಾದರೂ ಹಳೆಯ ಪದ್ಧತಿ ಕೈತಪ್ಪುತ್ತದೆ, ನನ್ನ 28,160 ರೂಪಾಯಿಯೂ ಅದರೊಂದಿಗೆ ಹೋಗುತ್ತದೆ.

ಜೂನ್ 15ರ ಹೊತ್ತಿಗೆ ಕೈಸೇರಬೇಕಿದ್ದ ಫಾರಂ 16 ಸಿಕ್ಕಿದ್ದು ಜುಲೈ 8ಕ್ಕೆ. ಈ ಸಲ ಆಡಿಟರ್‌ಗೆ ಕೊಡದೆ ನಾನೇ ತುಂಬುತ್ತೇನೆ ಎಂದು ನಿರ್ಧರಿಸಿದ್ದೆ. ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ಗೆ ಲಾಗಿನ್ ಆಗಿ 26ಎಎಸ್ ತೆರೆದೆ. ನಮ್ಮ ಪ್ಯಾನ್ ಹೆಸರಿನಲ್ಲಿ ಯಾರು ಎಷ್ಟು ತೆರಿಗೆ ಹಿಡಿದು ಸರ್ಕಾರಕ್ಕೆ ಲೆಕ್ಕ ಒಪ್ಪಿಸಿದ್ದಾರೆ ಎಂಬುದನ್ನು ತೋರಿಸುವ ಪಟ್ಟಿ ಅದು, ತೆರಿಗೆಯ ಪಾಸ್‌ಬುಕ್ ಎನ್ನಬಹುದು. ಅದರಲ್ಲಿ ಮಾರ್ಚ್ ಸಂಬಳದಿಂದ ಡಿಸೆಂಬರ್‌ವರೆಗಿನ ಹತ್ತು ತಿಂಗಳ 20,000 ಮಾತ್ರ ಇತ್ತು. ಜನವರಿಯ 2,000ವೂ ಫೆಬ್ರವರಿಯ 26,360 ರೂಪಾಯಿಯೂ ಇರಲಿಲ್ಲ. ಒಟ್ಟು 28,360 ರೂಪಾಯಿ ನನ್ನ ಸಂಬಳದಿಂದ ಹೋಗಿದೆ, ಆದರೆ ನನ್ನ ಖಾತೆಯಲ್ಲಿ ಕಾಣುತ್ತಿಲ್ಲ. ಹೀಗೇ ರಿಟರ್ನ್ ಸಲ್ಲಿಸಿದರೆ ತೆರಿಗೆ 20,200, ಜಮೆ 20,000. ನನಗೆ 28 ಸಾವಿರ ಬರುವ ಬದಲು ನಾನೇ ಇನ್ನೂ 200 ಕೊಡಬೇಕು ಎಂದು ನೋಟಿಸ್ ಬರುತ್ತಿತ್ತು.

ಸರ್ಕಾರಿ ಪ್ರೌಢಶಾಲೆಗಳಲ್ಲಿ ಮುಖ್ಯೋಪಾಧ್ಯಾಯರೇ ಸಂಬಳದ ಬಟವಾಡೆ ಅಧಿಕಾರಿ. ಹಿಡಿದ ತೆರಿಗೆಯ ವಿವರವನ್ನು ಮೂರು ತಿಂಗಳಿಗೊಮ್ಮೆ 24ಕ್ಯೂ ಎಂಬ ನಮೂನೆಯಲ್ಲಿ ಸಲ್ಲಿಸುವ ಹೊಣೆ ಅವರದಾಗಿತ್ತು. ಈ ಕೆಲಸವನ್ನು ಅವರು ತಾಲ್ಲೂಕಿನ ಒಂದು ಲೆಕ್ಕಪತ್ರ ಕಚೇರಿಗೆ ಒಪ್ಪಿಸಿದ್ದರು. ಮುಖ್ಯೋಪಾಧ್ಯಾಯರು ನನ್ನ ಎದುರೇ ಫೋನ್ ಮಾಡಿದರು. “ಎಲ್ಲ ಸಲ್ಲಿಸಿದ್ದೇವೆ” ಎಂಬ ಉತ್ತರ ಬಂತು. ಮೂರು ದಿನ ಫೋನಿನಲ್ಲೇ ಕಳೆಯಿತು. ನಾಲ್ಕನೆಯ ದಿನ ಅರ್ಧ ದಿನದ ರಜೆ ಹಾಕಿ, ಬಸ್ ಹತ್ತಿ, ನಾನೇ ಆ ಕಚೇರಿಗೆ ಹೋದೆ. ಅಲ್ಲಿದ್ದ ಹುಡುಗಿ ಕಂಪ್ಯೂಟರ್‌ನಲ್ಲಿ ಜನವರಿ–ಮಾರ್ಚ್ ತ್ರೈಮಾಸಿಕದ ಕಡತ ತೆರೆದಳು. ನನ್ನ ಹೆಸರಿತ್ತು, 28,360 ಇತ್ತು. ಪ್ಯಾನ್ ಸಂಖ್ಯೆಯನ್ನು ಒಂದೊಂದೇ ಅಕ್ಷರವಾಗಿ ಗಟ್ಟಿಯಾಗಿ ಓದಲು ಹೇಳಿ ನನ್ನ ಕಾರ್ಡಿನ ಜೊತೆ ಹೋಲಿಸುತ್ತ ಬಂದೆ. ನನ್ನಲ್ಲಿ 6 ಇದ್ದ ಜಾಗದಲ್ಲಿ ಅಲ್ಲಿ 9 ಇತ್ತು.

ಆ ಹುಡುಗಿಯ ಮುಖ ಸಪ್ಪಗಾಯಿತು. ನನಗೆ ಕೋಪಕ್ಕಿಂತ ಹೆಚ್ಚಾಗಿ ಭಯವಾಯಿತು. ನಮ್ಮ ಶಾಲೆಯಲ್ಲೇ ಹನ್ನೊಂದು ಜನರಿದ್ದೇವೆ, ಆ ಕಚೇರಿ ಎಷ್ಟೋ ಶಾಲೆಗಳ ಲೆಕ್ಕ ನೋಡುತ್ತದೆ. 26ಎಎಸ್ ತೆರೆದು ನೋಡದೆ ರಿಟರ್ನ್ ಸಲ್ಲಿಸುವ ಎಷ್ಟು ಜನರಿಗೆ ಹೀಗಾಗಿರಬಹುದು? ಅವರು ಜುಲೈ 16ರಂದು ತಿದ್ದುಪಡಿ ಸಲ್ಲಿಸಿದರು. ನಾನು ದಿನಾ ಬೆಳಗ್ಗೆ ಹಾಲು ಕಾಯಲು ಇಟ್ಟು ಪೋರ್ಟಲ್ ನೋಡುತ್ತಿದ್ದೆ. 24ರಂದು 28,360 ನನ್ನ ಪಟ್ಟಿಯಲ್ಲಿ ಮೂಡಿತು. ಅಷ್ಟರಲ್ಲಿ ಮೂಡದಿದ್ದರೂ ಜುಲೈ 31ರೊಳಗೆ ರಿಟರ್ನ್ ಸಲ್ಲಿಸಿಯೇ ತೀರುತ್ತಿದ್ದೆ. ತೆರಿಗೆ ಜಮೆಯ ತಪ್ಪನ್ನು ಆಮೇಲೆ ರೆಕ್ಟಿಫಿಕೇಷನ್ ಅರ್ಜಿ ಹಾಕಿ ಸರಿಪಡಿಸಿಕೊಳ್ಳಬಹುದು, ಕಳೆದುಹೋದ ಗಡುವನ್ನು ಸರಿಪಡಿಸಲಾಗುವುದಿಲ್ಲ.

ರಿಟರ್ನ್ ತುಂಬುವುದು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಸಂಬಳ, ಒಂದು ಮನೆ, ಬ್ಯಾಂಕ್ ಬಡ್ಡಿ ಇಷ್ಟೇ ಇರುವವರಿಗೆ ಐಟಿಆರ್–1 ಸಾಕು. ಬಹುಪಾಲು ವಿವರ ಮೊದಲೇ ತುಂಬಿರುತ್ತದೆ. ಆದರೆ ಹೊಸ ಪದ್ಧತಿಯಿಂದ ಹೊರಬರುತ್ತೀರಾ ಎಂಬ ಪ್ರಶ್ನೆಗೆ “ಹೌದು” ಎಂದು ಒತ್ತುವುದನ್ನು ಮರೆಯಬಾರದು. ಅದೊಂದನ್ನು ಮರೆತರೆ ಕಳೆಯುವಿಕೆಗಳಿಗೆ ಬಾಗಿಲೇ ತೆರೆಯುವುದಿಲ್ಲ. ಜುಲೈ 26ರ ರಾತ್ರಿ ಹತ್ತೂವರೆಗೆ ಸಲ್ಲಿಸಿ, ಆಧಾರ್ ಒಟಿಪಿ ಹಾಕಿ ದೃಢೀಕರಿಸಿದೆ. ಈ ದೃಢೀಕರಣ 30 ದಿನದೊಳಗೆ ಆಗಬೇಕು. ತಡವಾದರೆ ದೃಢೀಕರಿಸಿದ ದಿನವನ್ನೇ ರಿಟರ್ನ್ ಸಲ್ಲಿಸಿದ ದಿನವೆಂದು ಎಣಿಸುತ್ತಾರೆ, ದೃಢೀಕರಿಸದೇ ಬಿಟ್ಟರೆ ಸಲ್ಲಿಸಿದ್ದೂ ಸಲ್ಲಿಸದಂತೆಯೇ. ಇಡೀ ದೇಶದ ರಿಟರ್ನ್‌ಗಳನ್ನು ನಮ್ಮ ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರವೇ ಪರಿಶೀಲಿಸುತ್ತದೆ ಎಂದು ಅಂದು ತಿಳಿದು ನನಗೆ ಏನೋ ಸಮಾಧಾನವಾಯಿತು.

ಸೆಪ್ಟೆಂಬರ್ 12ಕ್ಕೆ ಇಮೇಲ್ ಬಂತು, 143(1) ಅಡಿಯ ಸೂಚನಾ ಪತ್ರ. ಸಣ್ಣಕ್ಷರದಲ್ಲಿ ಪ್ಯಾನ್, ಅದರ ಬೆನ್ನಿಗೇ ಹುಟ್ಟಿದ ದಿನಾಂಕ ಹಾಕಿದರೆ ಅದು ತೆರೆಯುತ್ತದೆ. ನಾನು ಕೊಟ್ಟ ಲೆಕ್ಕ ಒಂದು ಕಡೆ, ಅವರು ಮಾಡಿದ ಲೆಕ್ಕ ಇನ್ನೊಂದು ಕಡೆ. ಎರಡೂ ಒಂದೇ. ಬಡ್ಡಿ ಸೇರಿ 29,000 ರೂಪಾಯಿ ಮರುಪಾವತಿ. ಉತ್ತರ ಪತ್ರಿಕೆ ತಿದ್ದುವವಳಿಗೆ ತನ್ನ ಪತ್ರಿಕೆಯೇ ತಿದ್ದಿ ಬಂದಂತಾಯಿತು.

ಹಣ ಮಾತ್ರ ಬರಲಿಲ್ಲ. ಒಂದು ವಾರದ ನಂತರ ಪೋರ್ಟಲ್‌ನಲ್ಲಿ ರೀಫಂಡ್ ವಿಫಲವಾಗಿದೆ ಎಂದು ತೋರಿಸಿತು. ಕಾರಣ ನನ್ನ ಹೆಸರು. ನಮ್ಮ ಕಡೆ ಊರಿನ ಹೆಸರೂ ತಂದೆಯ ಹೆಸರೂ ಇನಿಷಿಯಲ್‌ಗಳಾಗಿ ಹೆಸರಿನ ಮುಂದೆ ನಿಲ್ಲುತ್ತವೆ. ಬ್ಯಾಂಕಿನ ಖಾತೆಯಲ್ಲಿ ಹಾಗೇ ಇದೆ. ಪ್ಯಾನ್ ಮಾಡಿಸುವಾಗ ಇನಿಷಿಯಲ್ ಒಪ್ಪದ ಕಾರಣ ಊರನ್ನೂ ಅಪ್ಪನನ್ನೂ ಪೂರ್ತಿಯಾಗಿ ಬಿಡಿಸಿ ಬರೆದಿದ್ದೆ. ಎರಡು ಹೆಸರುಗಳೂ ಒಬ್ಬಳವೇ ಎಂದು ಯಂತ್ರಕ್ಕೆ ಅರ್ಥವಾಗಲಿಲ್ಲ, ಬ್ಯಾಂಕ್ ಖಾತೆ ಪೋರ್ಟಲ್‌ನಲ್ಲಿ ದೃಢೀಕರಣ ಆಗಿರಲೇ ಇಲ್ಲ. ಪ್ಯಾನ್ ಪ್ರತಿಯೊಂದಿಗೆ ಬ್ಯಾಂಕಿಗೆ ಅರ್ಜಿ ಕೊಟ್ಟು ಹೆಸರು ಸರಿಪಡಿಸಿಕೊಂಡು, ಖಾತೆಯನ್ನು ಮತ್ತೆ ದೃಢೀಕರಿಸಿ, ರೀಫಂಡ್ ಮರುವಿತರಣೆಗೆ ಕೋರಿಕೆ ಹಾಕಿದೆ. ಕನ್ನಡಿಗರು ಈ ಒಂದು ಕೆಲಸವನ್ನು ರಿಟರ್ನ್ ತುಂಬುವ ಮೊದಲೇ ನೋಡಿಕೊಳ್ಳಬೇಕು, ನಮ್ಮಲ್ಲಿ ಇನಿಷಿಯಲ್ ಇಲ್ಲದ ಹೆಸರೇ ಅಪರೂಪ. ಆ ದಿನಗಳಲ್ಲೇ “ನಿಮ್ಮ ರೀಫಂಡ್ ಮಂಜೂರಾಗಿದೆ, ಈ ಕೊಂಡಿ ಒತ್ತಿ ಖಾತೆ ಸಂಖ್ಯೆ ಸರಿಪಡಿಸಿ” ಎಂಬ ಮೋಸದ ಸಂದೇಶವೂ ಒಂದು ಬಂತು. ಹಣಕ್ಕಾಗಿ ಕಾಯುತ್ತಿರುವವರ ಬೆರಳು ಅದರ ಮೇಲೆ ಹೋಗುವುದು ಎಷ್ಟು ಸುಲಭ! ಪೋರ್ಟಲ್‌ಗೆ ನಾವೇ ಹೋಗಿ ಲಾಗಿನ್ ಆಗಿ ನೋಡಬೇಕು, ಬೇರೆ ದಾರಿಯೇ ಬೇಡ.

ಅಕ್ಟೋಬರ್ 3ರಂದು, ನವರಾತ್ರಿಯ ಮೊದಲ ದಿನ, 29,000 ಜಮೆಯಾಯಿತು. ಮರುದಿನವೇ ಪತ್ತಿನ ಸಂಘಕ್ಕೆ ಹೋಗಿ ಸಾಲ ತೀರಿಸಿ ಬಂದೆ.

ಇಷ್ಟೆಲ್ಲ ನಡೆಯುವ ಮೊದಲೇ, ಆ ಏಪ್ರಿಲ್‌ನಲ್ಲಿ, ಇನ್ನೊಂದು ಕೆಲಸ ಮಾಡಿದ್ದೆ. ಸುತ್ತೋಲೆಗೆ ಕಾಯದೆ ಬಟವಾಡೆ ಅಧಿಕಾರಿಯವರಿಗೆ ಒಂದು ಪತ್ರ ಬರೆದೆ: 2024–25ಕ್ಕೆ ನಾನು ಹಳೆಯ ಪದ್ಧತಿಯನ್ನು ಆರಿಸಿಕೊಂಡಿದ್ದೇನೆ, ಅದರಂತೆ ಪ್ರತಿ ತಿಂಗಳು ಸಮನಾಗಿ ತೆರಿಗೆ ಹಿಡಿಯಬೇಕು. ಜೊತೆಗೆ ಕಳೆಯುವಿಕೆಗಳನ್ನು ಕಚೇರಿಗೆ ತಿಳಿಸುವ ಫಾರಂ 12ಬಿಬಿ, ಬ್ಯಾಂಕ್ ಕೊಟ್ಟ ಅಂದಾಜು ಬಡ್ಡಿಯ ಪ್ರಮಾಣಪತ್ರ, ಸಾಲ ಕೊಟ್ಟ ಬ್ಯಾಂಕಿನ ಪ್ಯಾನ್, ಕೆಜಿಐಡಿ ಪಾಲಿಸಿಗಳ ವಿವರ, ಮತ್ತು ನನ್ನ ಕೈಬರಹದ ಲೆಕ್ಕದ ಹಾಳೆ. ತಿಂಗಳಿಗೆ 82,000ದಂತೆ ವರ್ಷದ ಸಂಬಳ 9,84,000. ಹಳೆಯ ಪದ್ಧತಿಯ ತೆರಿಗೆ 25,800ರ ಹತ್ತಿರ, ತಿಂಗಳಿಗೆ 2,150. ಸ್ವೀಕೃತಿಗೆ ಇನ್ನೊಂದು ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡೆ. ಪ್ರಥಮ ದರ್ಜೆ ಸಹಾಯಕರು ಹಾಳೆಯನ್ನು ಎರಡು ಸಲ ನೋಡಿ, “ಹೀಗೆ ಲೆಕ್ಕ ಹಾಕಿ ಕೊಟ್ಟರೆ ನನಗೂ ಅರ್ಧ ಕೆಲಸ ಕಡಿಮೆ ಮೇಡಂ” ಎಂದರು.

ಆಗಸ್ಟ್‌ನಲ್ಲಿ ಏಳನೇ ವೇತನ ಆಯೋಗದ ವೇತನ ಜಾರಿಗೆ ಬಂತು. ನನ್ನ ತಿಂಗಳ ಸಂಬಳ 82 ಸಾವಿರದಿಂದ ಒಂದು ಲಕ್ಷಕ್ಕೆ ಏರಿತು. ಶಾಲೆಯಲ್ಲಿ ಹಬ್ಬದ ವಾತಾವರಣ. ನನಗೆ ಮಾತ್ರ ಫೆಬ್ರವರಿ ನೆನಪಾಯಿತು. ಸಂಬಳ ಏರಿದರೆ ತೆರಿಗೆಯೂ ಏರುತ್ತದೆ, ಅದರಲ್ಲೂ ಏರಿದ ಭಾಗದ ಮೇಲೆ ಶೇ 20. ತಿಂಗಳ ಕಡಿತ ಮಾತ್ರ ಯಾರಾದರೂ ಹೇಳುವವರೆಗೆ ಹಳೆಯದೇ. ಮತ್ತೆ ನೋಟ್‌ಬುಕ್ ತೆರೆದೆ. ಐದು ತಿಂಗಳು 82,000, ಏಳು ತಿಂಗಳು 1,00,000, ಒಟ್ಟು 11,10,000. ಆ ಜುಲೈನ ಬಜೆಟ್‌ನಲ್ಲಿ ಹೊಸ ಪದ್ಧತಿಯ ಸ್ಟ್ಯಾಂಡರ್ಡ್ ಡಿಡಕ್ಷನ್ 75,000ಕ್ಕೆ ಏರಿ ದರದ ಹಂತಗಳೂ ಬದಲಾಗಿದ್ದವು, ಹಾಗಾಗಿ ಎರಡು ಕಡೆಯ ಲೆಕ್ಕವನ್ನೂ ಹೊಸದಾಗಿ ಮಾಡಿದೆ. ಹೊಸದರಲ್ಲಿ 57,460, ಹಳೆಯದರಲ್ಲಿ 52,020. ಅಂತರ ಕಿರಿದಾಗಿತ್ತು, ಆದರೂ ಹಳೆಯದೇ ಲಾಭ. ಆಗಲೇ ಹಿಡಿದಿದ್ದ 10,750 ಕಳೆದರೆ ಉಳಿದದ್ದು 41,270. ಅದನ್ನು ಏಳು ತಿಂಗಳಿಗೆ ಹಂಚಿ, ತಿಂಗಳಿಗೆ 5,900 ಹಿಡಿಯಿರಿ ಎಂದು ಎರಡನೆಯ ಪತ್ರ ಕೊಟ್ಟೆ.

“ಹೆಚ್ಚು ಹಿಡಿಯಿರಿ ಎಂದು ಕೇಳಿಕೊಂಡು ಬಂದವರು ನೀವೊಬ್ಬರೇ” ಎಂದರು ಗಣಿತದ ಮೇಷ್ಟ್ರು. ಅವರಿಗೆ ನನ್ನ ಹಾಳೆ ತೋರಿಸಿದೆ. ಅವರು ಮಾತಾಡದೆ ಅದರ ಫೋಟೊ ತೆಗೆದುಕೊಂಡರು. ಮರುದಿನ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಏಳು ಜನರ ಲೆಕ್ಕ ಹಾಕಿದೆವು. ಮೂವರಿಗೆ ಹೊಸ ಪದ್ಧತಿಯೇ ಒಳ್ಳೆಯದಿತ್ತು, ಮನೆ ಸಾಲವಿಲ್ಲದವರಿಗೆ ಹಳೆಯದರಲ್ಲಿ ಏನೂ ಉಳಿಯುತ್ತಿರಲಿಲ್ಲ. ನಿವೃತ್ತಿಗೆ ಎರಡು ವರ್ಷ ಇದ್ದ ಹಿಂದಿ ಮೇಡಂ, ತಾನು ಏಳೆಂಟು ವರ್ಷ ಗೃಹಸಾಲದ ಬಡ್ಡಿಯನ್ನು ತೋರಿಸಿಯೇ ಇರಲಿಲ್ಲ ಎಂದು ಅಂದು ತಿಳಿದು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆ ಮೌನವನ್ನು ನಾನು ಮರೆತಿಲ್ಲ. 2025ರ ಫೆಬ್ರವರಿಯಲ್ಲಿ ನಮ್ಮ ಏಳು ಜನರ ಸಂಬಳವೂ ಜನವರಿಯಷ್ಟೇ ಬಂತು.

ಆ ಏಪ್ರಿಲ್‌ನಲ್ಲಿ ಮೂರನೆಯ ಪತ್ರ. 2025–26ಕ್ಕೆ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಸಿಕ್ಕಿ ತೆರಿಗೆಯೇ ಇಲ್ಲ, ಸಂಬಳದಾರರಿಗೆ 75,000 ಸೇರಿಸಿದರೆ 12,75,000. ನನ್ನ ಅಂದಾಜು ಆ ಗೆರೆಗಿಂತ ಸ್ವಲ್ಪವೇ ಕೆಳಗಿತ್ತು. ಎರಡು ವರ್ಷ ಹಟ ಹಿಡಿದು ಉಳಿಸಿಕೊಂಡಿದ್ದ ಹಳೆಯ ಪದ್ಧತಿಯನ್ನು ಆ ದಿನ ಬಿಟ್ಟೆ. ತುಟ್ಟಿಭತ್ಯೆ ಏರಿದಾಗ ಮತ್ತೆ ಲೆಕ್ಕ ಕೊಡುತ್ತೇನೆ ಎಂದೂ ಪತ್ರದ ಕೊನೆಗೆ ಬರೆದೆ.

ಹಿಂದಿನ ವರ್ಷದ ರಿಟರ್ನ್ ಬಾಕಿಯಿತ್ತು. ಗಡುವನ್ನು ಸೆಪ್ಟೆಂಬರ್ 15ಕ್ಕೆ ಮುಂದೂಡಿದ್ದರು, ನಾನು ಜುಲೈನಲ್ಲೇ ಕುಳಿತೆ. ಈ ಸಲ ವಿಮಾ ಪಾಲಿಸಿಯ ಸಂಖ್ಯೆ, ಸಾಲದ ಖಾತೆ ಸಂಖ್ಯೆ, ಮಂಜೂರಾದ ದಿನಾಂಕ ಎಲ್ಲವನ್ನೂ ಕೇಳುತ್ತಿತ್ತು. ಏಪ್ರಿಲ್‌ನಲ್ಲೇ ಜೋಡಿಸಿಟ್ಟಿದ್ದ ಕಡತದಿಂದ ನೋಡಿ ನೋಡಿ ತುಂಬಿದೆ. 26ಎಎಸ್‌ನಲ್ಲಿ 52,050 ಇತ್ತು, ಪ್ಯಾನ್ ಸರಿಯಾಗಿತ್ತು. ಮೂವತ್ತು ರೂಪಾಯಿ ಹೆಚ್ಚಿಗೆ ಹೋಗಿರಬೇಕು ಎಂದುಕೊಂಡು ಮುಂದುವರಿದರೆ, ಪರದೆಯ ಮೇಲೆ ನಾನು ಕೊಡಬೇಕಾದದ್ದು 150 ಎಂದು ಬಂತು. ಎಲ್ಲಿ ತಪ್ಪಿತು ಎಂದು ಸಾಲು ಸಾಲಾಗಿ ಹುಡುಕಿದೆ. ಇತರ ಆದಾಯದ ಕೆಳಗೆ 843 ರೂಪಾಯಿ ಕೂತಿತ್ತು. ಹಿಂದಿನ ಅಕ್ಟೋಬರ್‌ನಲ್ಲಿ ರೀಫಂಡಿನ ಜೊತೆ ಇಲಾಖೆ ಕೊಟ್ಟ ಬಡ್ಡಿ ಅದು. ಉಳಿತಾಯ ಖಾತೆಯ ಬಡ್ಡಿಗೆ ಇರುವ ವಿನಾಯಿತಿ ಇದಕ್ಕಿಲ್ಲ, ಇದು ತೆರಿಗೆಗೆ ಒಳಪಡುವ ಆದಾಯ.

ಇ-ಪೇ ಟ್ಯಾಕ್ಸ್ ತೆರೆದು 150 ರೂಪಾಯಿ ಕಟ್ಟಿದೆ. ಚಲನ್ ಸಂಖ್ಯೆಯನ್ನು ರಿಟರ್ನ್‌ನಲ್ಲಿ ನಮೂದಿಸುವಾಗ ಹಿಂದೆ ನಿಂತು ನೋಡುತ್ತಿದ್ದ ಅಮ್ಮ, ಕನ್ನಡಕವಿಲ್ಲದೆಯೇ, ಪರದೆಯ ಮೇಲಿನ ಅಂಕಿಗಳನ್ನು ಒಂದೊಂದಾಗಿ ನನಗೆ ಓದಿ ಹೇಳಿದರು.